ನಡುಹಗಲಿಗೆ ರಜೆ

ಏಪ್ರಿಲ್ ಕೊನೆಯಲ್ಲಿ ಮಸ್ಕಿಗೆ ಕೆಲಸವಿಟ್ಟುಕೊಂಡು ಹೋಗುವವರು ಬೆಳಿಗ್ಗೆ ಏಳಕ್ಕೆಲ್ಲ ಬಸ್ಸಿಳಿದಿರಬೇಕು. ಹನ್ನೆರಡಕ್ಕೆ ಇಳಿದರೆ ಊರು ಸಿಗುತ್ತದೆ, ಜನ ಸಿಗುವುದಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಗೆ ಅಂಟಿಕೊಂಡಿರುವ ಈ ಪುಟ್ಟ ತಾಲ್ಲೂಕು ಕೇಂದ್ರದಲ್ಲಿ ಬೇಸಿಗೆಯ ವಹಿವಾಟೆಲ್ಲ ಹೊತ್ತೇರುವುದಕ್ಕೆ ಮುಂಚೆಯೇ. ಕಾಯಿಪಲ್ಯದ ಬುಟ್ಟಿ ಇಳಿಯುವುದು, ಹಾಲಿನ ಕ್ಯಾನು ಬರುವುದು, ಬ್ಯಾಂಕಿನ ಮೆಟ್ಟಿಲ ಮೇಲೆ ಪಾಸ್‌ಬುಕ್ ಹಿಡಿದು ಕೂರುವುದು, ಎಲ್ಲವೂ ಎಳೆಬಿಸಿಲಲ್ಲೇ. ಹೋಟೆಲಿನ ಮುಂದೆ ಕುದಿಯುವ ಎಣ್ಣೆಯಲ್ಲಿ ಮಿರ್ಚಿ ತೇಲುತ್ತಿರುತ್ತದೆ. ಒಗ್ಗರಣಿ ಜತೆ ಬಿಸಿ ಮಿರ್ಚಿ ತಿನ್ನಲು ರಾಯಚೂರು ಸೀಮೆಯವರು ಉಷ್ಣಾಂಶವನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ. ಹಣೆಯ ಬೆವರು ಒರೆಸಿಕೊಳ್ಳುತ್ತಲೇ ಎರಡನೇ ಪ್ಲೇಟು ಹೇಳುತ್ತಾರೆ.

ಹತ್ತೂವರೆಯ ಹೊತ್ತಿಗೆ ಅಂಗಡಿಗಳ ಮುಂದೆ ಹಸಿರು ಪರದೆ ಇಳಿಯುತ್ತದೆ. ದಾರಿಯಲ್ಲಿ ಎದುರಾದವರ ನಡುವೆ ಮಾತು ಎರಡೇ ಪದಕ್ಕೆ ಇಳಿಯುತ್ತದೆ: “ಏನ್ ಬಿಸಲ್ರಿ!”

ಈ ಬಿಸಿಲಿಗೆ ಸರ್ಕಾರಿ ಹೆಸರು ಸಿಗುವುದು ಮಾತ್ರ ಸುಲಭವಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ನಾಡಿನ ಒಂದು ಜಾಗದ ಬಿಸಿಲು ‘ಬಿಸಿಗಾಳಿ’ ಎನಿಸಬೇಕಾದರೆ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ಜತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ತಲುಪಬೇಕು. ವಾಡಿಕೆಯೇ 40ರ ಆಸುಪಾಸಿನಲ್ಲಿರುವ ಸೀಮೆಯಲ್ಲಿ 43 ಡಿಗ್ರಿ ಬಂದರೂ ಅದು ಬರೀ ಬೇಸಿಗೆ. ಕರಾವಳಿಗೆ ಇದೇ ಇಲಾಖೆ ಇಟ್ಟಿರುವ ಗಡಿ 37. ಹಾಗಾಗಿ 2025ರ ಫೆಬ್ರುವರಿ ಕೊನೆಯಲ್ಲೇ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಹೋಯಿತು. ಅಲ್ಲಿಯವರ ಕಷ್ಟವೇನೂ ಸುಳ್ಳಲ್ಲ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಸ್ಕಿಯಲ್ಲಿ ಬೆವರು ಕಾಣಿಸಿಕೊಳ್ಳುವಷ್ಟರಲ್ಲೇ ಆರಿಹೋಗಿರುತ್ತದೆ, ಉಪ್ಪಿನ ಗೆರೆಯಷ್ಟೇ ಅಂಗಿಯ ಮೇಲೆ ಉಳಿಯುತ್ತದೆ.

ಊರಿನ ಸುತ್ತ ಇರುವುದು ಕಲ್ಲುಗುಡ್ಡ. ಹಗಲೆಲ್ಲ ಕುಡಿದ ಬಿಸಿಲನ್ನು ಈ ಬಂಡೆಗಳು ಕತ್ತಲಾದ ಮೇಲೂ ಕಾರುತ್ತಲೇ ಇರುತ್ತವೆ. ದುರ್ಗದ ಗುಡ್ಡ ಎನ್ನುವ ಇಂಥದೇ ಒಂದು ಕಡೆ ಅಶೋಕನ ಕಿರು ಶಾಸನವಿದೆ. 1915ರಲ್ಲಿ ಅದನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಾತ್ರಿಯಾಗಿದ್ದು ಈ ಬಂಡೆಯಿಂದ. ಅದೇ ಅಶೋಕ ದಾರಿಬದಿಯಲ್ಲಿ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಬರೆಸಿದ್ದಾನೆ. ಆದರೆ ಆ ಶಾಸನ ಇರುವುದು ಕರ್ನೂಲು ಜಿಲ್ಲೆಯ ಎರ್ರಗುಡಿಯಂಥ ಕಡೆ. ಆಲದ ನೆರಳು, ಮಾವಿನ ತೋಪು, ನೀರಿನ ಅರವಟ್ಟಿಗೆ ಎಂದು ವಿವರವಾಗಿ ಹೇಳುವ ಕಂಬವಂತೂ ಈಗ ದೆಹಲಿಯಲ್ಲಿದೆ. ನೆರಳಿನ ಮಾತು ಯಾರಿಗೆ ಹೆಚ್ಚು ಬೇಕಿತ್ತೋ ಅವರ ಬಂಡೆಯ ಮೇಲೆ ಅದಿಲ್ಲ. ಆದರೂ ಮಾರ್ಚ್ ಮುಗಿಯುವುದರೊಳಗೆ ಈ ಸೀಮೆಯ ಊರುಗಳಲ್ಲಿ ಬೇವಿನ ಮರದ ಕೆಳಗೆ ತೆಂಗಿನ ಗರಿಯ ಚಪ್ಪರವೆದ್ದು, ಒದ್ದೆ ಗೋಣಿಚೀಲ ಸುತ್ತಿದ ಗಡಿಗೆಗಳು ಕೂರುತ್ತವೆ. ಅರವಟ್ಟಿಗೆ ಇಡಲು ಇಲ್ಲಿ ಯಾರೂ ಶಾಸನ ಓದಬೇಕಾಗಿಲ್ಲ.

ಸರ್ಕಾರವೂ ಬಿಸಿಲಿಗೆ ತಲೆಬಾಗಿದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ ಹಾಗೂ ಬಾಗಲಕೋಟೆಯ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿ ಆದೇಶ ಹೊರಡಿಸುವುದು ರೂಢಿ. ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ಬೇಕಾದವರು ಹಳ್ಳಿಯ ಮೊದಲ ಬಸ್ಸಿಗೇ ಬಂದಿಳಿಯುತ್ತಾರೆ. ಒಂದೂಕಾಲಿಗೆ ಬಂದ ಅರ್ಜಿಯನ್ನು ಗುಮಾಸ್ತರು ನೋಡುವ ನೋಟದಲ್ಲೇ “ನಾಳೆ ಬರ್ರಿ” ಎಂದಿರುತ್ತದೆ.

ಆದರೆ ಈ ಅರ್ಧ ದಿನದ ಸೌಲಭ್ಯ ಎಲ್ಲರ ಗಡಿಯಾರಕ್ಕೂ ಬಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಕಡೆ ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬರುವುದು ಇದೇ ದಿನಗಳಲ್ಲಿ. ಚೀಲ ಹೊರುವ ಹಮಾಲರಿಗೆ ಲಾರಿ ಬಂದ ಹೊತ್ತೇ ಹೊತ್ತು. ಟಾರು ಹಾಕುವವರು ಕಾಯುವ ಟಾರಿನ ಪಕ್ಕದಲ್ಲೇ ನಿಲ್ಲಬೇಕು. ಬಸ್ ಕಂಡಕ್ಟರಿಗೆ ಎರಡು ಗಂಟೆಯ ಟ್ರಿಪ್ ತಪ್ಪುವುದಿಲ್ಲ. ಯಾವ ಬದಿಗೆ ನೆರಳು ಬೀಳುತ್ತದೆಂದು ಲೆಕ್ಕ ಹಾಕಿ ಸೀಟು ಹಿಡಿಯುವ ಭಾಗ್ಯ ಪ್ರಯಾಣಿಕರಿಗೆ ಮಾತ್ರ. ಉದ್ಯೋಗ ಖಾತ್ರಿಯ ಕೂಲಿಗಳಿಗೆ ಬೇಸಿಗೆಯಲ್ಲಿ ಅಗೆಯಬೇಕಾದ ಮಣ್ಣಿನ ಅಳತೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಹೆಂಗಸರು ನಸುಕಿನಲ್ಲೇ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊರಟು, ಬಿಸಿಲು ಬಲಿಯುವುದರೊಳಗೆ ಗುಂಡಿ ಮುಗಿಸಲು ನೋಡುತ್ತಾರೆ.

ಚುನಾವಣೆಯೂ ಇದೇ ಕಾಲಕ್ಕೆ ಬರುವ ಅತಿಥಿ. ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು. 2024ರ ಲೋಕಸಭೆಗೆ ಕೊಪ್ಪಳ ಕ್ಷೇತ್ರದ ಜತೆ ಮಸ್ಕಿ ಮತ ಹಾಕಿದ್ದು ಮೇ 7ರಂದು. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಹನ್ನೊಂದು ತಾಸು ಮತದಾನ ಎನ್ನುತ್ತದೆ ಆಯೋಗ. ಈ ಕಡೆಯ ಮತದಾರರು ನಡುವಿನ ನಾಲ್ಕನ್ನು ಕಳೆದೇ ಲೆಕ್ಕ ಹಿಡಿಯುತ್ತಾರೆ.

ಇಷ್ಟೆಲ್ಲ ಜಾಣತನ ಮದುವೆಯ ಮುಂದೆ ನಡೆಯುವುದಿಲ್ಲ. ಲಗ್ನಪತ್ರಿಕೆಗಳ ಮೇಲೆ ಮುಹೂರ್ತ ಎಂದರೆ ಮಧ್ಯಾಹ್ನ ಹನ್ನೆರಡೂವರೆ. ಬಸವ ಜಯಂತಿ, ಅಕ್ಷಯ ತೃತೀಯದ ಆಚೀಚೆ ಒಂದೇ ದಿನ ನಾಲ್ಕು ಕಡೆಯಿಂದ ಕರೆ. ವರ್ಷವಿಡೀ ನೆರಳು ಹುಡುಕುವ ಬೀಗರು ಅಂದು ಕಾದ ಶಾಮಿಯಾನದ ಕೆಳಗೆ, ಜರಿ ಸೀರೆ ಮತ್ತು ಕೋಟಿನೊಳಗೆ, ಕೈಯಲ್ಲಿ ಅಕ್ಷತೆ ಹಿಡಿದು ನಿಂತಿರುತ್ತಾರೆ. ಬಾಜಾದವರ ಕೆಂಪು ಅಂಗಿ ಬೆನ್ನಿಗೆ ಅಂಟಿರುತ್ತದೆ. ಊಟದ ಸಾಲಿನಲ್ಲಿ ಹುಗ್ಗಿಗಿಂತ ಮೊದಲು ಖಾಲಿಯಾಗುವುದು ಮಜ್ಜಿಗೆ.

ಮನೆಗಳ ಕಥೆ ಬೇರೆ. ದಪ್ಪ ಗೋಡೆಯ, ಮಣ್ಣು ಹೊದೆಸಿದ ಮೇಲ್ಮುದ್ದೆ ಮನೆಗಳಲ್ಲಿ ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಂಥವು ಕಡಿಮೆಯಾಗಿ ಸಿಮೆಂಟಿನ ಆರ್‌ಸಿಸಿ ಬಂದಿವೆ. ಅವುಗಳ ನೆತ್ತಿ ನಡುರಾತ್ರಿಯವರೆಗೂ ಆರುವುದಿಲ್ಲ. ಆದ್ದರಿಂದ ಕೂಲರ್ ಬೇಕು. ಕೂಲರ್ ಮಾಡುವುದೂ ಗಡಿಗೆ ಮಾಡುವ ಕೆಲಸವನ್ನೇ: ನೀರು ಆವಿಯಾಗುತ್ತ ಬಿಸಿಯನ್ನು ಎಳೆದುಕೊಳ್ಳುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ಒಣಗಾಳಿಯ ಸೀಮೆಗೆ ಹೇಳಿ ಮಾಡಿಸಿದ ಉಪಾಯ. ಗಡಿಗೆಗೆ ನೀರು ಸಾಕು, ಕೂಲರಿಗೆ ನೀರಿನ ಜತೆ ಕರೆಂಟೂ ಬೇಕು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿದೆ. ದೀಪದ ಬುಡದಲ್ಲಿ ಕತ್ತಲು ಎನ್ನುವ ಗಾದೆ ಈ ಜಿಲ್ಲೆಯವರಿಗೆ ನೆನಪಾಗುವುದು ಮಧ್ಯಾಹ್ನ ಮೂರಕ್ಕೆ ಫ್ಯಾನು ನಿಂತಾಗ. ಇನ್ನು ನೀರು: ಬೆಳೆಯ ಹೊತ್ತು ಮುಗಿದು ಕಾಲುವೆ ನಿಂತ ಮೇಲೆ, ಕೆರೆಯಲ್ಲಿ ತುಂಬಿಟ್ಟುಕೊಂಡಿದ್ದನ್ನೇ ಕಾಲುವೆಯ ಊರುಗಳು ಮಳೆಗಾಲದವರೆಗೆ ಎಳೆಯಬೇಕು. ನಳ ಬಿಡುವ ದಿನ ಮನೆಯಲ್ಲಿ ಇದ್ದಬದ್ದ ಕೊಡ, ಡ್ರಮ್ಮು, ಬಕೆಟ್ಟು ಎಲ್ಲ ಅಂಗಳಕ್ಕೆ ಬರುತ್ತವೆ.

ಐದೂವರೆಯ ಮೇಲೆ ಊರು ಎರಡನೇ ಸಲ ಏಳುತ್ತದೆ. ಕಲ್ಲಂಗಡಿಯ ರಾಶಿ, ಕಬ್ಬಿನ ಹಾಲಿನ ಗಾಣ, ಲಿಂಬಿ ಶರಬತ್ತಿನ ಗಾಡಿಗಳ ಸುತ್ತ ಗದ್ದಲ. ಬೆಳಿಗ್ಗೆ ಅರ್ಧಕ್ಕೆ ನಿಂತ ವ್ಯಾಪಾರ, ಜಗಳ, ಹೆಣ್ಣು ನೋಡುವ ಮಾತುಕತೆ ಎಲ್ಲ ಅಲ್ಲಿಂದಲೇ ಮುಂದುವರಿಯುತ್ತವೆ. ಏಪ್ರಿಲ್‌ನಲ್ಲೇ ಶಾಲೆಗೆ ಬೇಸಿಗೆ ರಜೆ ಸಿಕ್ಕಿರುವ ಹುಡುಗರು ಕ್ರಿಕೆಟ್ ಆಡುವುದು ಈಗ. ರಾತ್ರಿ ಚಾಪೆ, ಕೌದಿ ಹೊತ್ತುಕೊಂಡು ಮನೆಮಂದಿಯೆಲ್ಲ ಮಾಳಿಗೆ ಹತ್ತುತ್ತಾರೆ. ಹಾಸುವ ಮುಂಚೆ ಎರಡು ಕೊಡ ನೀರು ಚೆಲ್ಲಿದರೆ ಒಂದು ತಾಸಿನ ನಿದ್ದೆಯಾದರೂ ಮುಂದಕ್ಕೆ ಬರುತ್ತದೆ.

ಅಡ್ಡಮಳೆಯೊಂದು ಗುಡುಗಿ ಬಂದರೆ ತಂಪು ಒಂದು ಸಂಜೆಗಷ್ಟೇ. ಮಾರನೆಯ ದಿನ ನೆಲದ ಹಬೆಯೂ ಸೇರಿಕೊಳ್ಳುತ್ತದೆ. ರೈತರ ಪಂಚಾಂಗದಲ್ಲಿ ರೋಹಿಣಿ ಕೂಡುವುದು ಮೇ 25ರ ಹೊತ್ತಿಗೆ, ಮೃಗಶಿರ ಜೂನ್ 7ರ ಸುಮಾರಿಗೆ. ಕಚೇರಿಯ ಪಂಚಾಂಗಕ್ಕೆ ಮಾತ್ರ ಬೇಸಿಗೆ ಮೇ 31ರ ಸಂಜೆ ಮುಗಿದುಹೋಗುತ್ತದೆ. ಜೂನ್ 1ರಿಂದ ವೇಳೆ ಮತ್ತೆ ಹತ್ತರಿಂದ ಐದೂವರೆ. ಹತ್ತಿ, ತೊಗರಿ ಬೀಜ ಕೊಳ್ಳಲು ಬಂದವರು ಬೆಳಿಗ್ಗೆ ಎಂಟಕ್ಕೇ ಕೆಲಸ ಮುಗಿಸಿ, ಪಹಣಿಗಾಗಿ ಇನ್ನೆರಡು ತಾಸು ಬೇವಿನ ಕೆಳಗೆ ಕೂತು, ಬಾಗಿಲು ತೆರೆಯುವ ಗುಮಾಸ್ತರ ದಾರಿ ಕಾಯುತ್ತಾರೆ.