ಐದು ನದಿಗಳ ತವರಿನಲ್ಲಿ ಒಂದು ದೋಣಿ ಹುಡುಕುತ್ತಾ

ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ. ಈ ಐದೂ ಹುಟ್ಟೋದು ನಮ್ಮ ನಂದಿ ಬೆಟ್ಟ ಮತ್ತು ಅದರ ಆಸುಪಾಸಿನ ಗುಡ್ಡಗಳಲ್ಲಿ. ಇದನ್ನು ಕೇಳಿದ ಹೊರಗಿನವರಿಗೆ, ಚಿಕ್ಕಬಳ್ಳಾಪುರದವರ ಮನೆ ಮುಂದೆ ಸೈಕಲ್ ಬದಲು ದೋಣಿ ನಿಂತಿರುತ್ತೇನೋ ಅನ್ನಿಸಬಹುದು. ಆದರೆ ನಮ್ಮ ನದಿಗಳು ಮನೆಯ ಹೆಣ್ಣುಮಕ್ಕಳ ಹಾಗೆ. ಹುಟ್ಟೋದು ಇಲ್ಲಿ, ಬಾಳೋದು ಬೇರೆ ಊರಲ್ಲಿ. ವರ್ಷವಿಡೀ ಹರಿಯೋ ಹೊಳೆ ಅಂತ ನಮ್ಮಲ್ಲಿ ಒಂದೂ ಇಲ್ಲ. ಇರೋದೆಲ್ಲ ಕೆರೆಗಳು, ಕೊಳವೆಬಾವಿಗಳು.

ಹಾಗಾಗಿ ನಮ್ಮ ಮಕ್ಕಳಿಗೆ ದೋಣಿ ಅಂದರೆ ಮೈಸೂರು. 2020ರ ಜನವರಿಯಲ್ಲಿ ಅಣ್ಣನ ಕಾರು ಕೇಳಿ ತಗೊಂಡು ಹೋಗಿ, ಕಾರಂಜಿ ಕೆರೆಯಲ್ಲಿ ಪೆಡಲ್ ಬೋಟ್ ತುಳಿದು ಬಂದಿದ್ದೆವು. ಆಗ ಮಗಳಿಗೆ ಏಳು, ಮಗನಿಗೆ ಮೂರು ವರ್ಷ. ಅವಳಿಗೆ ಎಲ್ಲ ನೆನಪಿದೆ, ಬಾತುಕೋಳಿ ಆಕಾರದ ದೋಣಿಯ ಬಣ್ಣದ ಸಮೇತ. ಇವನಿಗೆ ಏನೂ ನೆನಪಿಲ್ಲ. "ನಾನು ದೋಣೀಲಿ ಕೂತಿರೋದು ಫೋಟೋದಲ್ಲಿ ಮಾತ್ರ" ಅಂತ 2025ರ ಬೇಸಿಗೆ ರಜೆಯಲ್ಲಿ ರಾಗ ಶುರು ಮಾಡಿದ.

ಸರಿ, ಹೋಗೋಣ ಅಂತ ಲೆಕ್ಕದ ಪುಸ್ತಕ ತೆಗೆದೆ. ನಮ್ಮೂರಿಂದ ಮೈಸೂರಿಗೆ ಹೋಗಿ ಬಂದು, ಊರೊಳಗೆ ಸುತ್ತಾಡಿದರೆ ಹತ್ತಿರ ಹತ್ತಿರ 430 ಕಿಲೋಮೀಟರ್. ಅಣ್ಣನ ಕಾರು ಲೀಟರಿಗೆ 17 ಕೊಡುತ್ತೆ ಅಂದುಕೊಂಡರೂ 25 ಲೀಟರ್ ಪೆಟ್ರೋಲ್ ಬೇಕು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಲೀಟರಿಗೆ 77 ರೂಪಾಯಿ ಆಸುಪಾಸು ಇತ್ತು, 1,925 ರೂಪಾಯಿಗೆ ಮುಗಿದಿತ್ತು. 2025ರಲ್ಲಿ 103ರ ಹತ್ತಿರ ಇತ್ತು, ಅಂದರೆ 2,575. ಜೊತೆಗೆ ಮೈಸೂರು ರಸ್ತೆ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಅಲ್ಲಿಯೂ ಟೋಲ್ ಕಟ್ಟಬೇಕು. ದೋಣಿಯ ಟಿಕೆಟ್ಟು ಈ ಲೆಕ್ಕದಲ್ಲಿ ಎಲ್ಲೋ ಮೂಲೆಯಲ್ಲಿತ್ತು. ದೋಣಿಗೆ ನಾವು ಕಾಲಲ್ಲಿ ತುಳಿಯೋದು ಬಿಟ್ಟರೆ ಬೇರೆ ಇಂಧನವೇ ಬೇಡ. ನೀರಿಲ್ಲದ ಊರಿನವರಿಗೆ ದೋಣಿ ವಿಹಾರದ ಇಂಧನ ಖರ್ಚಾಗೋದು ನೀರಿನ ಮೇಲಲ್ಲ, ರಸ್ತೆ ಮೇಲೆ.

ಎಂಜಿನ್ ಇರೋ ದೋಣಿಯದು ಬೇರೆ ಕಥೆ ಅನ್ನಿ. ಕರಾವಳಿಯಲ್ಲೋ ಕಬಿನಿ ಹಿನ್ನೀರಿನಲ್ಲೋ ಓಡಾಡೋ ಮೋಟಾರ್ ಬೋಟುಗಳನ್ನು ನೋಡಿರುತ್ತೀರಿ. 40 ಅಶ್ವಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ 12ರಿಂದ 15 ಲೀಟರ್ ಕುಡಿಯುತ್ತೆ. ಕಾಲು ಗಂಟೆ ಜೋರಾಗಿ ಸುತ್ತಿಸಿದರೆ ಮೂರು ಲೀಟರಿಗೂ ಮೇಲೆ, ಅಂದರೆ ಮುನ್ನೂರು ರೂಪಾಯಿ ದಾಟಿತು. ನೀರು ದೋಣಿಯನ್ನು ಹಿಡಿದೆಳೆಯೋ ಹಾಗೆ ನೆಲ ಚಕ್ರವನ್ನು ಎಳೆಯಲ್ಲ, ಅದಕ್ಕೇ ಕಾರಿಗಿಂತ ದೋಣಿಯ ಹೊಟ್ಟೆ ದೊಡ್ಡದು. ಪೆಟ್ರೋಲ್ ಏರಿದಾಗೆಲ್ಲ ಇಂಥ ಕಡೆ ಒಂದೋ ಟಿಕೆಟ್ ಏರಬೇಕು, ಇಲ್ಲಾ ಸುತ್ತು ಚಿಕ್ಕದಾಗಬೇಕು. ಹುಟ್ಟು ಹಾಕೋ ದೋಣಿಗೆ, ಹರಿಗೋಲಿಗೆ ಈ ತಾಪತ್ರಯ ಇಲ್ಲ. ರಂಗನತಿಟ್ಟಿನಲ್ಲಿ ಇವತ್ತಿಗೂ ಹುಟ್ಟು ಹಾಕಿಯೇ ಹಕ್ಕಿ ತೋರಿಸುತ್ತಾರೆ.

ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ನಮ್ಮವರದು ಲಗೇಜ್ ಟೆಂಪೊ. ಸುತ್ತಲಿನ ಹಳ್ಳಿಗಳಿಂದ ಸೇವಂತಿಗೆ, ಗುಲಾಬಿ ತುಂಬಿಕೊಂಡು ರಾತ್ರಿ ಹೊರಟು, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಸಿ, ಬೆಳಿಗ್ಗೆ ಒಂಬತ್ತಕ್ಕೆ ವಾಪಸ್. ದಿನಕ್ಕೆ 10 ಲೀಟರ್ ಡೀಸೆಲ್. 2020ರ ಶುರುವಿನಲ್ಲಿ ಲೀಟರಿಗೆ 70ರ ಆಸುಪಾಸು ಇದ್ದದ್ದು, 2025ರ ಏಪ್ರಿಲ್ 1ರಂದು ರಾಜ್ಯದ ಮಾರಾಟ ತೆರಿಗೆ ಶೇಕಡಾ 21.17ಕ್ಕೆ ಏರಿದ ಮೇಲೆ 91 ದಾಟಿತು. ಲೀಟರಿಗೆ 21 ರೂಪಾಯಿ ಹೆಚ್ಚು ಅಂದರೆ ದಿನಕ್ಕೆ 210, ತಿಂಗಳಲ್ಲಿ 25 ಟ್ರಿಪ್ಪಿಗೆ 5,250 ರೂಪಾಯಿ. ಬಾಡಿಗೆಯೂ ಏರಿದೆ, ಇಲ್ಲ ಅಂತಲ್ಲ. ಆದರೆ ಹೂವಿನ ರೇಟು ಬಿದ್ದ ದಿನ ರೈತರ ಹತ್ತಿರ ಜಾಸ್ತಿ ಬಾಡಿಗೆ ಕೇಳೋಕೆ ಇವರಿಗೆ ಬಾಯಿ ಬರಲ್ಲ.

ಅದೇ ವರ್ಷ ಮಿಕ್ಕ ಖರ್ಚುಗಳೂ ಸಾಲಾಗಿ ಬಂದವು. ಜನವರಿ 5ಕ್ಕೆ ಬಸ್ ದರ ಶೇಕಡಾ 15 ಏರಿತು. ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ. ಒಂದು ವಾರ ಕಳೆದು ಅಡುಗೆ ಅನಿಲಕ್ಕೆ 50 ರೂಪಾಯಿ. ಜೂನ್‌ನಿಂದ ಸ್ಕೂಲ್ ವ್ಯಾನಿಗೂ ಜಾಸ್ತಿ ಅಂತ ಡ್ರೈವರ್ ಮೊದಲೇ ಹೇಳಿಟ್ಟಿದ್ದ. ಹಾಲು ನಿಲ್ಲಿಸೋಕಾಗಲ್ಲ, ಗ್ಯಾಸ್ ನಿಲ್ಲಿಸೋಕಾಗಲ್ಲ, ವ್ಯಾನ್ ನಿಲ್ಲಿಸೋಕಾಗಲ್ಲ. ಗೆರೆ ಎಳೆಯೋಕೆ ಉಳಿದಿದ್ದು 'ಪ್ರವಾಸ' ಅನ್ನೋ ಒಂದೇ ಸಾಲು. ನಿಮ್ಮ ಮನೆಯ ಪುಸ್ತಕದಲ್ಲೂ ಹೀಗೇ ಅಲ್ವಾ? ಬೆಲೆ ಏರಿದಾಗ ಮೊದಲು ಹೋಗೋದು ಮಕ್ಕಳ ಖುಷಿಯ ಬಾಬತ್ತು. ಅದಕ್ಕೆ ಬಿಲ್ಲು ಬರಲ್ಲ, ಕಟ್ಟದಿದ್ದರೆ ಯಾರೂ ಲೈನ್ ಕಟ್ ಮಾಡಲ್ಲ ನೋಡಿ.

ಸಾಮಾನ್ಯ ಬಸ್ಸಿನಲ್ಲೇ ಮೈಸೂರಿಗೆ ಹೋಗಬಹುದಿತ್ತು. ಶಕ್ತಿ ಯೋಜನೆಯಲ್ಲಿ ನನಗೆ, ಮಗಳಿಗೆ, ಅತ್ತೆಗೆ ಟಿಕೆಟ್ ಇಲ್ಲ. ಆದರೆ ಮೇ ತಿಂಗಳು ಮದುವೆ ಸೀಸನ್ನು, ಹೂವಿನ ಗಾಡಿ ಎರಡು ರಾತ್ರಿ ನಿಲ್ಲಿಸಿದರೆ ಆ ಲೋಡು ಇನ್ನೊಬ್ಬರ ಪಾಲು. ಅದಕ್ಕೇ ಒಂದು ತೀರ್ಮಾನಕ್ಕೆ ಬಂದೆವು. ನಮ್ಮದೇ ನಾಲ್ಕು ತಾಲ್ಲೂಕುಗಳಲ್ಲಿ ನೀರು ಎಲ್ಲಿದೆ ಅಂತ ಬಸ್ಸಲ್ಲಿ, ರೈಲಲ್ಲಿ ಸುತ್ತಿ ನೋಡೋದು. ಇವರು ಬೆಳಿಗ್ಗೆ ಬಂದು ತಿಂಡಿ ತಿಂದು ನಮ್ಮ ಜೊತೆ ಹೊರಡೋದು, ನಿದ್ದೆ ಬಸ್ಸಿನಲ್ಲಿ.

ಮೊದಲ ಸಂಜೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಏರಿ. ಸುಡು ಬೇಸಿಗೆಯಲ್ಲೂ ಕೆರೆಯಲ್ಲಿ ನೀರು, ಗಾಳಿಗೆ ಸಣ್ಣ ಅಲೆ, ದೂರದಲ್ಲಿ ಬೆಟ್ಟಗಳ ಸಾಲು. "ಇಷ್ಟೊಂದು ನೀರಿದೆ, ಒಂದು ದೋಣಿ ಯಾಕಿಲ್ಲ?" ಅಂದ ಮಗ. ಉತ್ತರ ಹೇಳೋಕೆ ಕಾಲು ಗಂಟೆ ಹಿಡಿಯಿತು. ಇದು ಮಳೆ ನೀರು ಮಾತ್ರ ಅಲ್ಲ. ಬೆಂಗಳೂರಿನ ಬಚ್ಚಲು, ಅಡುಗೆಮನೆಗಳಿಂದ ಹೋದ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ಪಂಪ್ ಮಾಡಿ ಇಲ್ಲಿಗೆ ಕಳಿಸುತ್ತಾರೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ನಮ್ಮವರ ಬಾಯಲ್ಲಿ ಎಚ್.ಎನ್. ವ್ಯಾಲಿ. ದಿನಕ್ಕೆ 210 ದಶಲಕ್ಷ ಲೀಟರಿನ ಯೋಜನೆ, 65 ಕೆರೆಗಳು, ಅದರಲ್ಲಿ 44 ನಮ್ಮ ಜಿಲ್ಲೆಯವು. ಅಂತರ್ಜಲ ಏರಲಿ ಅನ್ನೋದು ಉದ್ದೇಶ. ಕುಡಿಯೋಕಲ್ಲ, ಈಜೋಕಲ್ಲ. ಮೂರನೇ ಹಂತದಲ್ಲೂ ಶುದ್ಧ ಮಾಡಿ ಕೊಡಿ ಅಂತ ರೈತರು ಕೇಳುತ್ತಲೇ ಇದ್ದಾರೆ. ಗಂಗೆ ಆಕಾಶದಿಂದ ಇಳಿದು ಬಂದ ಕಥೆ ನಮಗೆ ಗೊತ್ತು, ಇಲ್ಲಿ ಆಕೆ ಕರೆಂಟು ಖರ್ಚು ಮಾಡಿಕೊಂಡು ಪೈಪಿನಲ್ಲಿ ಬರುತ್ತಾಳೆ.

ಮುಂದಿನ ಭಾನುವಾರ ಶಿಡ್ಲಘಟ್ಟ, ಚಿಂತಾಮಣಿ. ಈ ದಾರಿಯಲ್ಲಿ ಹಿಂದೆ ನ್ಯಾರೋಗೇಜಿನ ಪುಟ್ಟ ರೈಲು ಓಡುತ್ತಿತ್ತು. ಕೋಲಾರದವರೆಗೆ ಬ್ರಾಡ್‌ಗೇಜ್ ಮುಗಿದದ್ದು 2013ರಲ್ಲಿ. ಗಾಡಿಗಳು ಕಮ್ಮಿ, ಸಮಯ ನೋಡಿಕೊಂಡೇ ಹೊರಡಬೇಕು. ಆದರೆ ಐದು ಜನರ ಟಿಕೆಟ್ಟು ಸೇರಿದರೂ ಒಂದು ಲೀಟರ್ ಪೆಟ್ರೋಲಿಗಿಂತ ಅಗ್ಗ. ಶಿಡ್ಲಘಟ್ಟದಲ್ಲಿ ಇಳಿದರೆ ರೇಷ್ಮೆಯದೇ ಮಾತು. ಗೂಡಿನ ಮಾರುಕಟ್ಟೆಗೆ ದೂರದ ತಾಲ್ಲೂಕುಗಳಿಂದಲೂ ರೈತರು ಗಾಡಿ ಮಾಡಿಕೊಂಡು ಬರುತ್ತಾರೆ. ಟೀ ಅಂಗಡಿಯಲ್ಲಿ ಸಿಕ್ಕ ರೀಲರ್ ಒಬ್ಬರು ನಮ್ಮವರ ಹತ್ತಿರ, "ಗೂಡಿನ ಬೆಲೆ ಏರುತ್ತೆ, ಇಳಿಯುತ್ತೆ ಸಾರ್, ಗಾಡಿ ಬಾಡಿಗೆ ಏರಿದ್ದು ಇಳಿದದ್ದು ನಾನು ನೋಡಿಲ್ಲ" ಅಂದರು. ಗಾಡಿ ಬಾಡಿಗೆಯವರೇ ಎದುರಿಗೆ ಕೂತಿದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಇವರು ನಕ್ಕು, ಟೀ ದುಡ್ಡು ತಾವೇ ಕೊಟ್ಟರು.

ಶಿಡ್ಲಘಟ್ಟ ತಾಲ್ಲೂಕು ಅತ್ತೆಯ ತವರು. ದಾರಿಯುದ್ದಕ್ಕೂ ಅವರೇ ಗೈಡು. ಅವರು ಚಿಕ್ಕವರಿದ್ದಾಗ ಊರ ಕೆರೆ ಒಮ್ಮೆ ಕೋಡಿ ಬಿದ್ದಿತ್ತಂತೆ. ಬಾಳೆದಿಂಡು, ಖಾಲಿ ಡ್ರಮ್ಮು, ಹಲಗೆ ಸೇರಿಸಿ ತೆಪ್ಪ ಕಟ್ಟಿ, ಹೂವು ದೀಪ ಇಟ್ಟು, ಗ್ರಾಮದೇವತೆಯನ್ನು ಕೂರಿಸಿ, ಎರಡೂ ದಡದಿಂದ ಹಗ್ಗ ಎಳೆದು ಕೆರೆ ಸುತ್ತಿಸಿದರು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಏರಿ ಮೇಲೆ ನಡೆದರು. "ನಮ್ಮೂರಲ್ಲಿ ದೋಣೀಲಿ ಕೂರೋ ಯೋಗ ದೇವರಿಗೆ ಮಾತ್ರ" ಅಂತ ಅತ್ತೆ ನಕ್ಕರು. ಆಮೇಲೆ ಕೆರೆ ಮತ್ತೆ ಕೋಡಿ ಹರಿದದ್ದು 2021ರ ನವೆಂಬರ್ ಮಳೆಗೆ. ಆ ವರ್ಷ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಎಷ್ಟೋ ಕೆರೆಗಳು ತುಂಬಿ ಹರಿದವು. ಬೆಳೆ ಹೋದವರೂ ಇದ್ದರು, ಆದರೂ ಊರೂರಲ್ಲಿ ಜನ ಕೋಡಿ ನೀರಿಗೆ ಪೂಜೆ ಮಾಡಿದರು. ಅತ್ತೆಯ ಊರಲ್ಲೂ ಮತ್ತೆ ತೆಪ್ಪ ಕಟ್ಟಿದರು. ಮೊದಲ ತೆಪ್ಪದ ಹಗ್ಗ ಹಿಡಿದಿದ್ದ ಅವರಣ್ಣ ಆಗ ಇರಲಿಲ್ಲ. ಇದನ್ನು ಹೇಳುವಾಗ ಅವರು ಕಿಟಕಿ ಕಡೆ ತಿರುಗಿಕೊಂಡರು, ಮಗ ಸುಮ್ಮನೆ ಅವರ ಕೈ ಹಿಡಿದುಕೊಂಡ.

ಚಿಂತಾಮಣಿಯಲ್ಲಿ ಕನ್ನಂಪಲ್ಲಿ ಕೆರೆ ನೋಡಿ, ಕೈಲಾಸಗಿರಿಯ ಬಂಡೆ ಕೊರೆದ ಗುಹೆಗಳಲ್ಲಿ ತಂಪಾಗಿ ಕೂತು, ಕೈವಾರದಲ್ಲಿ ತಾತಯ್ಯನವರ ದರ್ಶನ ಮಾಡಿ ವಾಪಸ್ಸಾದೆವು. ಇಡೀ ದಿನ ಓಡಾಟಕ್ಕೆ ಆದ ಖರ್ಚು ಮುನ್ನೂರು ರೂಪಾಯಿ ಒಳಗೆ. ಮನೆಯಿಂದ ಕಟ್ಟಿಕೊಂಡು ಹೋದದ್ದು ಪುಳಿಯೋಗರೆ, ಮಜ್ಜಿಗೆ.

ಗೌರಿಬಿದನೂರಿಗೆ ಹೋದದ್ದು ಅದರ ಮುಂದಿನ ವಾರ. ಅಲ್ಲಿಂದ ವಿದುರಾಶ್ವತ್ಥ ಹತ್ತಿರ. ನಾಗರಕಲ್ಲುಗಳ ನಡುವೆ ನಡೆದು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದಲ್ಲಿ ಗುಂಡೇಟಿಗೆ ಬಿದ್ದವರ ಸ್ಮಾರಕದ ಮುಂದೆ ನಿಂತೆವು. ಪಕ್ಕದಲ್ಲೇ ಉತ್ತರ ಪಿನಾಕಿನಿ. ನಂದಿಯ ಕಡೆಯಿಂದ ಬಂದು ಆಂಧ್ರಕ್ಕೆ ಹೋಗೋ ನದಿ, ಅಲ್ಲಿ ಅದಕ್ಕೆ ಪೆನ್ನಾ ಅಂತ ಹೆಸರು. ನಾವು ಹೋದಾಗ ನದಿ ಅಂದರೆ ಬರೀ ಮರಳು, ಜೊಂಡು, ಒಂದು ಗುಂಡಿಯಲ್ಲಿ ಮೊಣಕಾಲುದ್ದ ನೀರು. ಮಗಳು ತೆಂಗಿನ ಹೊಂಬಾಳೆಯ ಒಣ ದೋಣೆ ಹುಡುಕಿ ತಂದು ಆ ನೀರಿಗೆ ಬಿಟ್ಟಳು. ಅದು ಆಚೆ ದಡ ಮುಟ್ಟುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಮುಟ್ಟಿದ ಮೇಲೆ ಮಗ ಕೇಳಿದ, "ಅಮ್ಮಾ, ಇದು ದೋಣಿ ಲೆಕ್ಕಕ್ಕೆ ಬರುತ್ತಾ?" ನಾನು ಏನೂ ಹೇಳಲಿಲ್ಲ. ಬರಲ್ಲ ಅಂತ ಅವನಿಗೇ ಗೊತ್ತಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹತ್ತಿರದ್ದೇ ಸಾಕು, ದೂರದ ಆಸೆ ಬೇಡ ಅಂತ ಮಕ್ಕಳಿಗೆ ಬುದ್ಧಿ ಹೇಳೋಕಲ್ಲ. ನಾಲ್ಕೂ ಊರಿನ ಪಕ್ಕದಲ್ಲಿ ಕೆರೆ ಇದೆ. ಒಂದೊಂದು ಊರಿಗೆ ಒಂದು ಕೆರೆಯ ನೀರನ್ನು ಮುಟ್ಟೋ ಹಾಗೆ ಶುದ್ಧ ಮಾಡಿ, ನಾಲ್ಕು ಪೆಡಲ್ ಬೋಟ್, ಲೈಫ್ ಜಾಕೆಟ್, ಕಾವಲಿಗೆ ಈಜು ಬಲ್ಲ ಇಬ್ಬರನ್ನು ಇಟ್ಟರೆ ಸಾಕು. ಎಂಜಿನ್ ಬೇಡ. ಹಾಗಾದರೆ ಒಂದು ಕಾಲು ಗಂಟೆಯ ಸುಖಕ್ಕೆ ಒಂದೊಂದು ಸಂಸಾರವೂ 25 ಲೀಟರ್ ಪೆಟ್ರೋಲ್ ಸುಡೋದು ತಪ್ಪುತ್ತೆ. ಪೆಟ್ರೋಲ್ ಬೆಲೆ ಇಳಿಸೋದು ನಮ್ಮ ಪಂಚಾಯ್ತಿ, ಪುರಸಭೆಗಳ ಕೈಲಿಲ್ಲ. ಇದು ಅವರ ಕೈಗೆ ಎಟುಕುವಂಥದ್ದು.

ಈ ಸುತ್ತು ಹೊಡೆಯೋ ಆಸೆ ನಿಮಗಿದ್ದರೆ ಬೇಸಿಗೆಗಿಂತ ಕಾರ್ತಿಕ ಮಾಸ ಒಳ್ಳೆಯದು. ಮಳೆ ಮುಗಿದು ಕೆರೆಗಳು ತುಂಬಿರುತ್ತವೆ. ಹೆಂಗಸರು ಆಧಾರ್ ಕಾರ್ಡ್ ಮರೆಯಬೇಡಿ. ಏರಿ ಮೇಲೆ ನಡೆಯಿರಿ, ಕೆರೆಗೆ ಮಾತ್ರ ಇಳಿಯಬೇಡಿ. ಹೂಳೆತ್ತಿದ ಗುಂಡಿಗಳು ಮೇಲಿಂದ ಕಾಣಲ್ಲ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದಿದ್ದ ಸಾಲಿನ ಕೆಳಗೆ ಮಗಳು ಈಗ ಹೊಸದೊಂದು ಸಾಲು ಬರೆದಿದ್ದಾಳೆ: 'ದೋಣಿ – ತಿಂಗಳಿಗೆ 150'. ಮದುವೆ ಸೀಸನ್ನು ಮುಗಿದ ಮೇಲೆ, ದಸರಾ ರಜೆಗೆ, ಸಾಮಾನ್ಯ ಬಸ್ಸಿನಲ್ಲಿ ಮೈಸೂರು. ನಮ್ಮವರದು ಫುಲ್ ಟಿಕೆಟ್, ಮಗನದು ಅರ್ಧ. ಈ ಸಲ ಪೆಡಲು ತುಳಿಯೋದು ತಾನೇ ಅಂತ ಅವನು ಈಗಲೇ ಹೇಳಿಟ್ಟಿದ್ದಾನೆ.