ಸೂರ್ಯ ಸೂಯರ್ ಆದದ್ದು

ನನ್ನ ಸೋದರಮಾವ ತಿಪಟೂರಿನ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋದ ಮೇಲೆ ಅವರಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. (ಮನೆಯಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಪ್ರಿಂಟರ್ ರಿಪೇರಿಯೂ ಅವನದೇ ತಾನೆ? :))

ಹಾಕಿಕೊಟ್ಟಿದ್ದು ಎನ್‌ವಿಡಿಎ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. 2006ರಲ್ಲಿ ಇದನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಕಣ್ಣು ಕಾಣದವರು. ಅದರ ಜೊತೆಗೇ ಬರುವ ಇ-ಸ್ಪೀಕ್‌ಗೆ ಕನ್ನಡವೂ ಗೊತ್ತು. ದನಿ ಮಾತ್ರ ನೆಗಡಿ ಬಂದ ರೋಬೋಟಿನದು! ಮಾವ ಎರಡೇ ವಾರದಲ್ಲಿ ಒಗ್ಗಿಸಿಕೊಂಡರು. ಇನ್ಸರ್ಟ್ ಮತ್ತು ಕೆಳಬಾಣ ಒಟ್ಟಿಗೆ ಒತ್ತಿ, ನನಗೆ ಒಂದಕ್ಷರವೂ ಅರ್ಥವಾಗದಷ್ಟು ವೇಗದಲ್ಲಿ ಸುದ್ದಿ ಕೇಳತೊಡಗಿದರು.

ಆಮೇಲೆ ಒಂದು ದಿನ, "ನನ್ನ ಬರಹದ ಫೋಲ್ಡರ್ ತೆಗಿಯೋ" ಅಂದರು. ಹದಿನೈದು ವರ್ಷ ನುಡಿಯ ಹಳೇ ಫಾಂಟಿನಲ್ಲಿ ತಾವೇ ಕೂತು ಟೈಪ್ ಮಾಡಿದ ಮಕ್ಕಳ ನಾಟಕಗಳು, ಊರಿನ ಕತೆಗಳು. ತೆಗೆದರೆ ಬರೀ ಗೊರಗೊರ. 'ಕನ್ನಡ' ಅನ್ನುವ ಪದದ ಮೇಲೆ ಒಂದೊಂದೇ ಅಕ್ಷರವಾಗಿ ಹೋದರೆ ಪಿ, ಎ ಗ್ರೇವ್, ಪೌಂಡ್, ಮತ್ತೆ ಎ ಗ್ರೇವ್...

"ಇದಕ್ಕೆ ಕನ್ನಡ ಬರುತ್ತೆ ಅಂದ್ಯಲ್ಲೋ?"

ಬರುತ್ತೆ ಮಾವ, ಆದರೆ ಫೈಲಿನಲ್ಲಿ ಕನ್ನಡವೇ ಇಲ್ಲ. ಆ ಫಾಂಟುಗಳು ಇಂಗ್ಲಿಷ್, ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕುತ್ತಿದ್ದವು. ವೇಷ ಕಣ್ಣಿಗೆ ಮಾತ್ರ. ಕಿವಿಗೆ ಒಳಗಿನ ಪಿ, ಪೌಂಡುಗಳೇ ಕೇಳಿಸುತ್ತವೆ. ಯುನಿಕೋಡಿನಲ್ಲಿ 'ಕ' ಅಂದರೆ ಕ-ವೇ, ಫಾಂಟ್ ಯಾವುದಾದರೂ ಇರಲಿ. ನಾವೆಲ್ಲ ಹುಡುಕಾಟಕ್ಕೆ ಸಿಗಲಿ, ಫಾಂಟ್ ಇಳಿಸಿಕೊಳ್ಳುವ ತಲೆನೋವು ತಪ್ಪಲಿ ಅಂತ ಯುನಿಕೋಡಿಗೆ ಬಂದವರು. ಮಾವನಂಥವರಿಗೆ ಓದು ಇರುತ್ತದೋ ಇಲ್ಲವೋ ಅನ್ನುವುದೇ ಅದರ ಮೇಲೆ ನಿಂತಿದೆ.

ಸರಿ, ಪರಿವರ್ತಿಸೋಣ ಅಂತ ಅಂತರಜಾಲದಲ್ಲಿ ಸಿಕ್ಕ ಒಂದು ಪರಿವರ್ತಕ ಹಾಕಿದೆ. "ಸೂಯರ್ ಹುಟ್ಟಿದ" ಅಂತು ಕಂಪ್ಯೂಟರ್. ಮಾವ ಬಿದ್ದೂ ಬಿದ್ದೂ ನಕ್ಕರು. ಅರ್ಕಾವತ್ತಿನ ಕಿತಾಪತಿ. ಹಳೇ ಫಾಂಟಿನಲ್ಲಿ ಅದು ಕಾಣುವ ಹಾಗೇ ಯ-ದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದಂತೆ ರ್ ಮೊದಲು ಬರಬೇಕು. ಅದಕ್ಕೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ನಡುವೆ ಬರುವ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತಿದ್ದವು. ವರ್ಡ್ ಫೈಲುಗಳಲ್ಲಿ ಯಾವ ಪದಕ್ಕೆ ಯಾವ ಫಾಂಟ್ ಅಂತ ದಾಖಲಾಗಿರುವುದರಿಂದ ಅಲ್ಲಿ ಬಚಾವ್.

ಇನ್ನು ನಿಮಗೊಂದು ಮಾತು ಗೆಳೆಯರೇ. ಕವನವನ್ನು ಚೆಂದದ ಹಿನ್ನೆಲೆ ಹಾಕಿ ಚಿತ್ರವಾಗಿ ಅಂಟಿಸುತ್ತೀರಲ್ಲ, ಮಾವನ ಕಂಪ್ಯೂಟರ್ ಅದನ್ನು 'ಗ್ರಾಫಿಕ್' ಅಂತ ಹೇಳಿ ಮುಂದೆ ಹೋಗುತ್ತದೆ. ಚಿತ್ರ ಇರಲಿ ಬಿಡಿ, ಕೆಳಗೆ ಕವನವನ್ನೂ ಟೈಪ್ ಮಾಡಿ. ಮಾವ ಕೇಳುತ್ತಾರೆ, ಛಂದಸ್ಸು ತಪ್ಪಿದ್ದರೆ ಬಯ್ಯುತ್ತಾರೆ ಕೂಡ.

ನಾಟಕಗಳೆಲ್ಲ ಮುಗಿದಿವೆ. ಕತೆಗಳ ಫೋಲ್ಡರ್ ಅರ್ಧ ಆಗಿದೆ. ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದರು, ಮೂರನೇ ನಾಟಕದ ಕೊನೆಯ ದೃಶ್ಯ ತೀರಾ ಸಪ್ಪೆಯಂತೆ, ತಿದ್ದುತ್ತಿದ್ದಾರಂತೆ.