ಗಾಳಿಯನ್ನು ಕರೆಯುವ ಗೋಡೆ

ಕಲಬುರಗಿಯ ವೈಶಾಖದ ಬಿಸಿಲನ್ನು ಉಂಡವರಿಗೆ ಅದರ ವರ್ಣನೆ ಬೇಕಿಲ್ಲ. ಅಲ್ಲಿ ನಮ್ಮ ಅಣ್ಣನವರ ಮಗ ಸಾಲ ಮಾಡಿ ಮನೆ ಕಟ್ಟಿಸಲು ಹೊರಟಿದ್ದನು. ನಕ್ಷೆಯಲ್ಲಿ ಪಡುವಣಕ್ಕೆ ಆಳೆತ್ತರದ ಗಾಜು, ನಾಲ್ಕು ಕೋಣೆಗಳಿಗೆ ನಾಲ್ಕು ಏ.ಸಿ. ಯಂತ್ರಗಳು. "ಏ.ಸಿ. ಇದ್ದ ಮ್ಯಾಲ ಧಗಿ ಚಿಂತಿ ಯಾಕ್ರಿ ಕಾಕಾ?" ಎಂದನು. ಸಾಲದ ಕಂತು ಎಂದಾದರೂ ತೀರೀತು. ಕರೆಂಟಿನ ಬಿಲ್ಲು ತೀರುವುದೆಂದು? ಬೆಂಗಳೂರಿಗೆ ಹೋಗುವ ಪ್ರಸಂಗ ಒದಗಿದಾಗ ಅವನನ್ನೂ ಕರೆದೊಯ್ದೆನು.

ದೊಮ್ಮಲೂರಿನಲ್ಲಿ 'ಟೆರಿ' ಎಂಬ ಇಂಧನ ಸಂಶೋಧನ ಸಂಸ್ಥೆಯ ಕಟ್ಟಡವಿದೆ. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಸಂಜಯ್ ಮೋಹೆಯವರು. ನಿವೇಶನದ ದಕ್ಷಿಣಕ್ಕೆ ಕೊಳಚೆಯ ಕಾಲುವೆ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ದುರ್ಗಂಧ, ಮುಚ್ಚಿದರೆ ಸೆಕೆ. ಅವರು ದಕ್ಷಿಣಕ್ಕೆ ಗೋಡೆಯೆಬ್ಬಿಸಿ, ಅದರ ಹೊರಗೆ ಕಪ್ಪು ಕಡಪ ಕಲ್ಲಿನ ಹೊದಿಕೆಯಿಟ್ಟು, ನಡುವೆ ಟೊಳ್ಳು ಬಿಟ್ಟರು. ಬಿಸಿಲಿಗೆ ಕಲ್ಲು ಕಾದಂತೆ ಟೊಳ್ಳಿನೊಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅದರ ಹಿಂದೆ ಕೋಣೆಗಳ ಬಿಸಿಗಾಳಿ ಸರಿಯುತ್ತದೆ. ಆ ತೆರವನ್ನು ತುಂಬಲು ಉತ್ತರದ ಕಿಟಕಿಗಳಿಂದ ಹೊಸ ಗಾಳಿ ಬರುತ್ತದೆ. ತಾರಸಿಯ ಮೇಲೆ ಮಣ್ಣು ಹಾಗೂ ಹಸುರು. ಬಿಸಿಲೇ ಇಲ್ಲಿ ಬೀಸಣಿಗೆಯನ್ನು ಬೀಸುವ ಆಳು!

ಹುಡುಗ ಮೆಚ್ಚಿದನು, ಆದರೆ ಒಪ್ಪಲಿಲ್ಲ. "ಇದು 900 ಮೀಟರ್ ಎತ್ತರದ ಊರು ಕಾಕಾ. ನಮ್ಮೂರಾಗ 40 ಡಿಗ್ರಿ ಗಾಳಿ ಒಳಗ ಕರದರ ತಂಪು ಆದೀತೇನು?" ಮಾತು ನಿಜವೇ ಆಗಿತ್ತು.

ಮರಳುವ ರೈಲಿನಲ್ಲಿ ನಮ್ಮ ಹಿರಿಯರ ಮನೆ ನೆನಪಾಯಿತು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಬೆಳಕಿಂಡಿ. ಹಗಲೆಲ್ಲ ಬಾಗಿಲು ಮುಚ್ಚಿ, ಇರುಳು ತೆರೆದು ತಂಪನ್ನು ಒಳಗೆ ಕರೆಯುತ್ತಿದ್ದರು. ಊರು ಬೇರೆಯಾದರೆ ಉಪಾಯ ಬೇರೆ; ತತ್ತ್ವವೊಂದೇ. ಒಳಬಂದ ತಾಪವನ್ನು ಯಂತ್ರದಿಂದ ಹೊರದೂಡುವುದಕ್ಕಿಂತ ಅದನ್ನು ಹೊರಗೇ ತಡೆಯುವುದು ಮೇಲು. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲಿರುವುದರಿಂದ ಹೆಚ್ಚಿನ ತಾಪವೆಲ್ಲ ಮಾಳಿಗೆಯ ಮೇಲೆಯೇ. ಇಳಿಹೊತ್ತಿನ ಓರೆ ಬಿಸಿಲು ಪಡುವಣದ ಗಾಜಿನಿಂದ ಮನೆಯೊಳಗೇ ನುಗ್ಗುತ್ತದೆ.

ನಕ್ಷೆ ಬದಲಾಯಿತು. ಪಡುವಣದ ಗಾಜು ಹೋಗಿ ಅಲ್ಲಿ ಮೆಟ್ಟಿಲು, ಉಗ್ರಾಣಗಳು ಬಂದವು. ಮಾಳಿಗೆಗೆ ಬಿಳಿಯ ಲೇಪನ, ಕಿಟಕಿಗಳಿಗೆ ಅಗಲವಾದ ಛಜ್ಜೆ. ಯಂತ್ರವನ್ನು ಪೂರ್ಣ ಬಿಡೆಂದು ನಾನು ಹೇಳಲಿಲ್ಲ. ಅತ್ತಿಗೆಯವರು ವೃದ್ಧರು, ಮಿತಿಮೀರಿದ ಧಗೆ ಮುಪ್ಪಿನ ದೇಹಕ್ಕೆ ಪ್ರಾಣಾಪಾಯ. ಅವರ ಕೋಣೆಯೊಂದಕ್ಕೆ ಯಂತ್ರ ಉಳಿಯಿತು. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ 6ರಷ್ಟು ವಿದ್ಯುತ್ತು ಉಳಿಯುತ್ತದೆ. ಜೊತೆಗೆ ಫ್ಯಾನು ತಿರುಗಿದರೆ 26 ಡಿಗ್ರಿಯೂ ಹಿತವೇ.

ಮನೆ ಕಟ್ಟಿಸುವ ಬಂಧುಗಳು ಯಂತ್ರದ ಅಂಗಡಿಗೆ ಹೋಗುವ ಮುನ್ನ ಒಂದು ದಿನ ತಮ್ಮ ನಿವೇಶನದಲ್ಲಿ ನಿಂತು, ಬಿಸಿಲು ಎತ್ತಣಿಂದ ಬರುವುದು, ಗಾಳಿ ಎತ್ತಣಿಂದ ಬೀಸುವುದು ಎಂಬುದನ್ನು ನೋಡಲಿ. ಈ ನೋಟಕ್ಕೆ ಬಿಲ್ಲು ಬರುವುದಿಲ್ಲ.